ಬೆಚ್ಚನೆಯ ಬೆಡಗು

1922ರಲ್ಲಿ ಎವರೆಸ್ಟ್ ಏರಲು ಹೊರಟ ಬ್ರಿಟಿಷ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನ ವಿಜ್ಞಾನಿ ಇದ್ದರು. ಉಳಿದವರು ಟ್ವೀಡ್ ಕೋಟು, ಉಣ್ಣೆಯ ಸ್ವೆಟರು, ಕೊರಳಿಗೆ ಮಫ್ಲರು ಎಂದು ಆ ಕಾಲದ ದೊಡ್ಡ ಮನುಷ್ಯರ ಉಡುಪಿನಲ್ಲೇ ಸಜ್ಜಾಗಿದ್ದರೆ, ಫಿಂಚ್ ತಾವೇ ಯೋಚಿಸಿ ಹೊಲಿಸಿಕೊಂಡ ವಿಚಿತ್ರ ಕೋಟೊಂದನ್ನು ತಂದಿದ್ದರು. ಹೊರಗೆ ಬಲೂನಿಗೆ ಬಳಸುವ ದಟ್ಟ ನೇಯ್ಗೆಯ ಬಟ್ಟೆ, ಒಳಗೆ ಐಡರ್ ಬಾತುಕೋಳಿಯ ಮೃದು ಪುಕ್ಕ. ನೋಡಿದವರು ನಕ್ಕರು. ಮೇಲೇರುತ್ತ ಹೋದಂತೆ, ಹಿಮಗಾಳಿ ಮುಖಕ್ಕೆ ಹೊಡೆಯತೊಡಗಿದಂತೆ, ನಕ್ಕವರೇ ಆ ಕೋಟನ್ನು ಆಸೆಗಣ್ಣಿನಿಂದ ನೋಡುವಂತಾಯಿತು. ಆ ಯಾತ್ರೆಯಲ್ಲಿ ಫಿಂಚ್ 8,300 ಮೀಟರ್‌ಗೂ ಹೆಚ್ಚು ಎತ್ತರ ಮುಟ್ಟಿ ಬಂದರು. ಅಲ್ಲಿಯವರೆಗೆ ಅಷ್ಟು ಮೇಲೆ ಯಾರೂ ಹತ್ತಿರಲಿಲ್ಲ. ಇದೇ ಫಿಂಚ್ ಮುಂದೆ 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು.

ಪುಕ್ಕದ ಉಡುಪನ್ನು ಅಂಗಡಿಗೆ ತಂದವರಲ್ಲಿ ಅಮೆರಿಕದ ಸಿಯಾಟಲ್‌ನ ಎಡ್ಡಿ ಬಾಯರ್ ಒಬ್ಬರು. ಮೀನು ಹಿಡಿಯಲು ಹೋಗಿ ಚಳಿಗೆ ಸಿಕ್ಕಿ ಸಾಯುವಂತಾದವರು. ಆ ಅನುಭವದ ಮೇಲೆ 1936ರಲ್ಲಿ ಅವರು ಪುಕ್ಕ ತುಂಬಿ ಹೊಲಿಗೆ ಹಾಕಿದ ಜಾಕೆಟ್ ಮಾಡಿ ಮಾರತೊಡಗಿದರು. ಇವತ್ತು ಬೆಂಗಳೂರಿನ ಬೈಕ್ ಸವಾರರಿಂದ ಹಿಡಿದು ಟೊರಾಂಟೊದ ಕಾಲೇಜು ಹುಡುಗಿಯರವರೆಗೆ ಎಲ್ಲರೂ ತೊಡುವ ಉಬ್ಬುಬ್ಬಾದ ಜಾಕೆಟ್ಟಿನ ವಂಶವೃಕ್ಷ ಇದು. ಒಂದು ಕಾಲಕ್ಕೆ ನಗೆಪಾಟಲಾದದ್ದು ಇವತ್ತಿನ ಫ್ಯಾಷನ್.

ಚಳಿಗೆ ಬೆಚ್ಚಗೆ ಉಟ್ಟರೆ ಚೆಂದ ಕಾಣುವುದಿಲ್ಲ, ಚೆಂದ ಕಾಣಬೇಕಾದರೆ ನಡುಗಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಿಮದ ಮೇಲೆ ತೆಳು ಶಿಫಾನ್ ಸೀರೆಯುಟ್ಟು ಕುಣಿಯುವ ನಾಯಕಿ, ಪಕ್ಕದಲ್ಲಿ ದಪ್ಪ ಜಾಕೆಟ್ ತೊಟ್ಟ ನಾಯಕ ಇರುವ ಸಿನಿಮಾ ಹಾಡುಗಳೂ ಈ ನಂಬಿಕೆಗೆ ನೀರೆರೆದಿವೆ. ಆದರೆ ತಲೆಮಾರುಗಳಿಂದ ಚಳಿಯಲ್ಲೇ ಬದುಕಿದ ಜನರ ಉಡುಪನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅಲ್ಲಿ ಬೆಚ್ಚಗಿಡುವ ಉಪಾಯವೇ ಅಂದವನ್ನೂ ಕೊಡುತ್ತದೆ.

ಮೊದಲು ಬೆಚ್ಚಗಾಗುವ ಬಗೆ ತಿಳಿಯಬೇಕು. ಬಟ್ಟೆ ಬಿಸಿಯನ್ನು ಹುಟ್ಟಿಸುವುದಿಲ್ಲ. ಬಿಸಿ ಹುಟ್ಟುವುದು ಮೈಯೊಳಗೆ, ಉಂಡ ಅನ್ನದಿಂದ. ಆ ಬಿಸಿ ಹೊರಗೆ ಓಡಿಹೋಗದಂತೆ ತಡೆಯುವುದಷ್ಟೇ ಬಟ್ಟೆಯ ಕೆಲಸ, ಅದನ್ನು ಮಾಡುವುದು ನೂಲಿಗಿಂತ ಹೆಚ್ಚಾಗಿ ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಪುಕ್ಕ, ಉಣ್ಣೆ, ಫ್ಲೀಸ್ ಎಲ್ಲವೂ ಬೆಚ್ಚಗಿರುವುದು ಅವುಗಳೊಳಗೆ ಗಾಳಿಯ ಸಾವಿರಾರು ಗೂಡುಗಳಿರುವುದರಿಂದ. ಅದಕ್ಕೇ ಮೈಗೆ ಬಿಗಿಯಾಗಿ ಅಂಟಿದ ದಪ್ಪ ಸ್ವೆಟರಿಗಿಂತ ಒಂದರ ಮೇಲೊಂದು ತೊಟ್ಟ ಎರಡು ತೆಳು ಸ್ವೆಟರುಗಳು ಮೇಲು. ಎರಡರ ನಡುವೆಯೂ ಗಾಳಿಯ ಪದರವೊಂದು ಕೂತಿರುತ್ತದೆ.

ಪದರಗಳ ಈ ಜಾಣತನ ಇವತ್ತಿನದಲ್ಲ. 1924ರಲ್ಲಿ ಎವರೆಸ್ಟ್‌ನಲ್ಲಿ ಕಾಣೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲಿನ ಬಟ್ಟೆಯ ಚೂರುಗಳನ್ನು ತಜ್ಞರು ಒಂದೊಂದಾಗಿ ಪರೀಕ್ಷಿಸಿ, ಅದೇ ನೂಲು, ಅದೇ ನೇಯ್ಗೆಯಲ್ಲಿ ಇಡೀ ಉಡುಪನ್ನು ಮತ್ತೆ ತಯಾರಿಸಿದರು. ರೇಷ್ಮೆ, ಹತ್ತಿ, ಉಣ್ಣೆಯ ಹಲವು ತೆಳು ಪದರಗಳು, ಹೊರಗೆ ಗಾಳಿ ತಡೆಯುವ ಗ್ಯಾಬರ್ಡೀನ್ ಬಟ್ಟೆಯ ಜಾಕೆಟ್. 2006ರಲ್ಲಿ ಗ್ರಹಾಂ ಹೊಯ್ಲ್ಯಾಂಡ್ ಎಂಬ ಪರ್ವತಾರೋಹಿ ಅದನ್ನು ಎವರೆಸ್ಟ್‌ನಲ್ಲೇ ತೊಟ್ಟು ನೋಡಿದರು. ಉಡುಪು ಹಗುರ, ಬೆಚ್ಚಗೆ, ಕೈಕಾಲು ಆಡಿಸಲು ಸಲೀಸು. ಉಣ್ಣೆಯ ನಡುವೆ ನಯವಾದ ರೇಷ್ಮೆ ಇದ್ದದ್ದರಿಂದ ಪದರಗಳು ಒಂದಕ್ಕೊಂದು ಕಚ್ಚಿಕೊಳ್ಳದೆ ಜಾರುತ್ತಿದ್ದವು. ಹವೆ ಚೆನ್ನಾಗಿದ್ದರೆ ಆ ಬಟ್ಟೆಯಲ್ಲಿ ತುದಿಯವರೆಗೆ ಹೋಗಬಹುದಿತ್ತು, ರಾತ್ರಿ ಬಯಲಲ್ಲಿ ಕಳೆಯಬೇಕಾದರೆ ಮಾತ್ರ ಸಾಲದು ಎಂಬುದು ಅವರ ತೀರ್ಮಾನ. ಮನೆಯಲ್ಲಿ ರೇಷ್ಮೆ ಅಂಗಿ, ರೇಷ್ಮೆ ಸ್ಕಾರ್ಫ್ ಇರುವ ಕನ್ನಡಿಗರು ಇದನ್ನು ಗಮನಿಸಬೇಕು. ಮೈಸೂರು ಸೀಮೆಯ ರೇಷ್ಮೆ ಮದುವೆಮನೆಗೆ ಎಷ್ಟು ಚೆನ್ನೋ ಸ್ವೆಟರಿನ ಒಳಗೂ ಅಷ್ಟೇ ಚೆನ್ನು.

ಪದರ, ಗಾಳಿ, ಅಂದ ಮೂರೂ ಒಂದೇ ಉಡುಪಿನಲ್ಲಿ ಕೂಡಿರುವುದನ್ನು ನೋಡಬೇಕಾದರೆ ಕಾಶ್ಮೀರದ ಫೆರನ್ ನೋಡಬೇಕು.

ಕಾಶ್ಮೀರ ಕಣಿವೆಯಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್. ಕಡುಚಳಿಯ ಕಾಲ. ನಲ್ಲಿಯ ನೀರು ಹೆಪ್ಪುಗಟ್ಟುತ್ತದೆ, ದಾಲ್ ಸರೋವರದ ಅಂಚಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಆಗ ಶ್ರೀನಗರದ ಬೀದಿಯಲ್ಲಿ ನಿಂತರೆ ತೋಳು ಖಾಲಿಯಾಗಿ ಜೋತಾಡುವ ನಿಲುವಂಗಿ ತೊಟ್ಟ ಜನ ಎಲ್ಲೆಲ್ಲೂ ಕಾಣುತ್ತಾರೆ. ಮೊಣಕಾಲು ದಾಟಿ ಇಳಿಯುವ, ಭುಜದಿಂದ ಕೆಳಕ್ಕೆ ಎಲ್ಲೂ ಮೈಗೆ ತಾಗದಷ್ಟು ಸಡಿಲವಾದ ಉಣ್ಣೆಯ ಅಂಗಿ ಇದು. ಒಳಗೆ ಅದೇ ಅಳತೆಯ ತೆಳು ಹತ್ತಿಯ ಇನ್ನೊಂದು ಅಂಗಿ ಇರುವುದು ಹಳೆಯ ಪದ್ಧತಿ. ಹತ್ತಿಯದನ್ನು ಒಗೆಯಬಹುದು, ಉಣ್ಣೆಯದನ್ನು ಪದೇಪದೇ ಒಗೆಯುವ ಕಷ್ಟ ತಪ್ಪುತ್ತದೆ. ಎರಡರ ನಡುವೆ ಗಾಳಿ, ಒಳಗಿನದರ ಮತ್ತು ಮೈಯ ನಡುವೆ ಮತ್ತೊಂದಿಷ್ಟು ಗಾಳಿ.

ಕೈಗಳು ತೋಳಿನಿಂದ ಒಳಗೆ ಸರಿದು ಹೊಟ್ಟೆಯ ಹತ್ತಿರ ಕಾಂಗ್ರಿಯನ್ನು ಹಿಡಿದಿರುತ್ತವೆ. ಬೆತ್ತದಂಥ ಕಡ್ಡಿಗಳಿಂದ ಹೆಣೆದ ಪುಟ್ಟ ಬುಟ್ಟಿ, ಅದರೊಳಗೆ ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಬೂದಿ ಮುಚ್ಚಿದ ಕೆಂಡ. ಶರತ್ಕಾಲದಲ್ಲಿ ಚಿನಾರ್ ಮರದ ಎಲೆಗಳು ಕೆಂಪಾಗಿ ಉದುರಿದಾಗ ಹೆಂಗಸರು ಅವನ್ನು ಗುಡಿಸಿ ರಾಶಿ ಹಾಕುತ್ತಾರೆ. ಬೆಂಕಿ ಹಚ್ಚಿ, ಪೂರ್ತಿ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಇದ್ದಿಲು ಮಾಡಿಟ್ಟುಕೊಳ್ಳುತ್ತಾರೆ. ಚಳಿಗಾಲದ ಬೆಳಗ್ಗೆ ಅದನ್ನೇ ಕಾಂಗ್ರಿಗೆ ತುಂಬುವುದು. ಮೇಲಿನ ಬೂದಿಯನ್ನು ಆಗಾಗ ಚಮಚದಿಂದ ಕೆದಕಿದರೆ ಗಂಟೆಗಟ್ಟಲೆ ಬಿಸಿ.

ಕಾಂಗ್ರಿಯ ಅಪಾಯವನ್ನೂ ಹೇಳಲೇಬೇಕು. ವರ್ಷಗಟ್ಟಲೆ ಒಂದೇ ಜಾಗಕ್ಕೆ ಬಿಸಿ ತಾಗಿ ಹೊಟ್ಟೆ, ತೊಡೆಯ ಚರ್ಮದಲ್ಲಿ ಬರುವ ಕಾಂಗ್ರಿ ಕ್ಯಾನ್ಸರ್ ವೈದ್ಯಲೋಕಕ್ಕೆ ಹತ್ತೊಂಬತ್ತನೇ ಶತಮಾನದಿಂದಲೇ ಗೊತ್ತು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆಯಿಂದ ಜೀವಕ್ಕೇ ಆಪತ್ತು. ಪ್ರವಾಸಕ್ಕೆ ಹೋದವರು ಫೆರನ್ ಕೊಳ್ಳಲಿ, ಕಾಂಗ್ರಿಯನ್ನು ಅದರ ಜೊತೆ ಬದುಕಿ ಬಲ್ಲವರಿಗೇ ಬಿಡಲಿ.

ಫೆರನ್ನಿನ ಅಂದ ಎಲ್ಲಿದೆ ಎಂಬುದನ್ನು ಗಮನಿಸಿದರೆ ಉಡುಪಿನ ಪಾಠವೇ ಸಿಗುತ್ತದೆ. ಅಂಗಿಯ ಬಹುಭಾಗ ಒಂದೇ ಬಣ್ಣ: ಕಡುನೀಲಿ, ಕಂದು, ಕಪ್ಪು, ದಾಳಿಂಬೆ ಕೆಂಪು. ಕಸೂತಿ ಇರುವುದು ಕೊರಳಿನ ಸುತ್ತ, ತೋಳಿನ ತುದಿಗೆ, ಕೆಳಅಂಚಿಗೆ. ಮದುವಣಗಿತ್ತಿಯ ಫೆರನ್ನಿಗೆ ಚಿನ್ನ ಬೆಳ್ಳಿ ಬಣ್ಣದ ಜರಿಯೆಳೆಯಿಂದ ತಿಲ್ಲಾ ಕೆಲಸ ಮಾಡುತ್ತಾರೆ. ಮುಖದ ಹತ್ತಿರ ಹೊಳಪು, ಉಳಿದ ಕಡೆ ಮೌನ. ಅಷ್ಟು ಸಡಿಲವಾದ ಅಂಗಿ ಗೋಣಿಚೀಲದ ಹಾಗೆ ಕಾಣದಿರುವುದು ಈ ಲೆಕ್ಕಾಚಾರದಿಂದಲೇ. ಈಗ ಅಲ್ಲಿಯ ಯುವಕ ಯುವತಿಯರು ಟ್ವೀಡ್‌ನಲ್ಲಿ, ಜಿಪ್ಪು, ಜೇಬು, ಟೋಪಿ ಸಹಿತ ಹೊಲಿಸಿದ ಗಿಡ್ಡ ಫೆರನ್ನುಗಳನ್ನು ಜೀನ್ಸ್ ಮೇಲೆ ತೊಡುತ್ತಾರೆ. ಡಿಸೆಂಬರ್ 21ನ್ನು ಫೆರನ್ ದಿನವೆಂದು ಆಚರಿಸುವ ರೂಢಿಯೂ ಹುಟ್ಟಿಕೊಂಡಿದೆ.

ಲಡಾಖಿನವರು ಇದೇ ಸಮಸ್ಯೆಗೆ ಬೇರೆ ಉತ್ತರ ಕಂಡುಕೊಂಡರು. ಅವರ ಉಣ್ಣೆಯ ನಿಲುವಂಗಿ ಗೊಂಚಾ ಎದೆಯ ಮೇಲೆ ಒಂದು ಬದಿಗೆ ಮಡಿಸಿ ಮುಚ್ಚುವಂಥದ್ದು, ನಡುವಿಗೆ ಗಾಢ ಬಣ್ಣದ ಪಟ್ಟಿ. ಪಟ್ಟಿ ಬಿಗಿದರೆ ಕೆಳಗಿನಿಂದ ಗಾಳಿ ನುಗ್ಗುವುದಿಲ್ಲ, ಎದೆಯ ಭಾಗ ಸಾಮಾನಿಡುವ ಜೇಬಾಗುತ್ತದೆ, ದಪ್ಪ ಬಟ್ಟೆಯಲ್ಲೂ ಮೈಯ ಆಕಾರ ಕಾಣುತ್ತದೆ. ಕುಲ್ಲು ಕಣಿವೆಯ ಶಾಲಿನಲ್ಲಿ ಮೈಯೆಲ್ಲ ಬೂದು ಇಲ್ಲವೇ ಕಂದು, ಅಂಚಿನಲ್ಲಿ ಮಾತ್ರ ಕೆಂಪು, ಹಳದಿ, ಹಸಿರಿನ ರೇಖಾ ವಿನ್ಯಾಸ. ಅಲ್ಲಿ 1944ರಲ್ಲಿ ಶುರುವಾದ ನೇಕಾರರ ಸಹಕಾರ ಸಂಘ ಭುಟ್ಟಿಕೋ ಇಂದಿಗೂ ಅಂಥ ಶಾಲುಗಳನ್ನು ನೇಯಿಸಿ ಮಾರುತ್ತಿದೆ.

ಉಣ್ಣೆಯ ಮಾತು ಬಂದಾಗ ಪಶ್ಮಿನಾ ಬಿಡುವ ಹಾಗಿಲ್ಲ, ಏಕೆಂದರೆ ನಮ್ಮವರು ಹೆಚ್ಚು ಮೋಸ ಹೋಗುವುದು ಇಲ್ಲೇ. ಲಡಾಖಿನ ಚಾಂಗ್‌ತಾಂಗ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 4,000 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿನ ಚಳಿ ತಡೆಯಲು ಮೇಕೆಗಳ ಒರಟು ಕೂದಲಿನ ಅಡಿಯಲ್ಲಿ ಅತಿ ನವಿರಾದ ಒಳಗೂದಲು ಬೆಳೆಯುತ್ತದೆ. ಚಳಿ ಕಳೆದ ಮೇಲೆ ಚಾಂಗ್‌ಪಾ ಅಲೆಮಾರಿಗಳು ಅದನ್ನು ಬಾಚಿ ತೆಗೆಯುತ್ತಾರೆ. ಒಂದು ಮೇಕೆಗೆ ವರ್ಷಕ್ಕೆ ಸಿಗುವ ಕಚ್ಚಾ ಉಣ್ಣೆ ಕಾಲು ಕಿಲೋದ ಆಸುಪಾಸು, ಶುದ್ಧ ಮಾಡಿದ ಮೇಲೆ ಇನ್ನೂ ಕಡಿಮೆ. ಎಳೆಯ ದಪ್ಪ 12ರಿಂದ 16 ಮೈಕ್ರಾನ್, ನಮ್ಮ ತಲೆಗೂದಲಿನ ಐದನೇ ಒಂದು ಪಾಲಿನಷ್ಟು. ಅದನ್ನು ಕೈಯಲ್ಲೇ ನೂತು, ಕೈಮಗ್ಗದಲ್ಲೇ ನೇಯ್ದು ಮಾಡಿದ ಶಾಲು ಕೆಲವು ನೂರು ರೂಪಾಯಿಗೆ ಸಿಗಲು ಸಾಧ್ಯವೇ ಇಲ್ಲ. ಆ ಬೆಲೆಗೆ ಪ್ರವಾಸಿ ತಾಣಗಳಲ್ಲಿ ಪಶ್ಮಿನಾ ಎಂದು ಕೊಡುವುದು ವಿಸ್ಕೋಸ್ ಅಥವಾ ಅಕ್ರಿಲಿಕ್. ಉಂಗುರದೊಳಗೆ ಶಾಲು ತೂರಿಸಿ ತೋರಿಸುವುದು ಪರೀಕ್ಷೆಯೇ ಅಲ್ಲ, ತೆಳುವಾದ ಕೃತಕ ರೇಷ್ಮೆಯೂ ಉಂಗುರದಲ್ಲಿ ನುಸುಳುತ್ತದೆ. ಕಾಶ್ಮೀರ ಪಶ್ಮಿನಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆ ಚೀಟಿ ಕೇಳಬೇಕು. ಶಹತೂಷ್ ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಅಲ್ಲಿಂದ ಎದ್ದು ಬರಬೇಕು. ಅದು ಚಿರು ಎಂಬ ಟಿಬೆಟಿನ ಜಿಂಕೆಯಂಥ ಪ್ರಾಣಿಯನ್ನು ಕೊಂದು ತೆಗೆದ ಉಣ್ಣೆ, ಮಾರುವುದು ಕೊಳ್ಳುವುದು ಎರಡೂ ಅಪರಾಧ.

ಎಲ್ಲರಿಗೂ ಪಶ್ಮಿನಾ ಬೇಕಿಲ್ಲ. ಸಾಧಾರಣ ಕುರಿಯುಣ್ಣೆಯ ಗುಣವೇ ದೊಡ್ಡದು. ಉಣ್ಣೆಯ ಎಳೆ ಸುರುಳಿಸುರುಳಿಯಾಗಿರುವುದರಿಂದ ಗಾಳಿಗೆ ಜಾಗ ಹೆಚ್ಚು. ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಹತ್ತಿ ಹಾಗಲ್ಲ, ಬೆವರಿಗೆ ತೊಯ್ದರೆ ಒದ್ದೆಯಾಗಿಯೇ ಮೈಗಂಟುತ್ತದೆ. ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹಿಮಾಲಯದ ಚಾರಣಕ್ಕೆ ಹತ್ತಿಯ ಬನಿಯನ್, ಜೀನ್ಸ್ ಹಾಕಿಕೊಂಡು ಹೋದ ನಮ್ಮ ಹುಡುಗರು ಏರುವಾಗ ಬೆವರಿ, ನಿಂತ ಕೂಡಲೇ ಗಡಗಡ ನಡುಗುವುದು ಇದೇ ಕಾರಣಕ್ಕೆ. ಮೈಗೆ ತಾಗುವ ಪದರ ಬೆವರನ್ನು ದೂರ ಒಯ್ಯುವಂತಿರಬೇಕು: ತೆಳು ಮೆರಿನೋ ಉಣ್ಣೆ, ರೇಷ್ಮೆ ಅಥವಾ ಪಾಲಿಯೆಸ್ಟರ್ ಥರ್ಮಲ್. ಬೆವರು ಶುರುವಾಗುವ ಮೊದಲೇ ಒಂದು ಪದರ ಕಳಚುವುದು ಬೆಟ್ಟದವರ ಅಭ್ಯಾಸ. ದಪ್ಪ ಜಾಕೆಟ್ ಒಂದನ್ನೇ ನಂಬಿದವರಿಗೆ ಆ ಸೌಲಭ್ಯವಿಲ್ಲ.

ತಲೆಯಿಂದಲೇ ಮೈಯ ಅರ್ಧ ಬಿಸಿ ಹೋಗುತ್ತದೆ ಎಂಬ ಮಾತು ಬಹಳ ಕಾಲ ಚಲಾವಣೆಯಲ್ಲಿತ್ತು. ನಿಜವಾಗಿ ಅಲ್ಲಿಂದ ಹೋಗುವುದು ಸುಮಾರು ಶೇಕಡಾ 10. ಆದರೂ ಕಿವಿ, ಮುಖ, ಕೊರಳಿಗೆ ಚಳಿ ಬೇಗ ಗೊತ್ತಾಗುವುದರಿಂದ ಟೋಪಿ, ಮಫ್ಲರ್ ಬೇಕು. ನಮ್ಮ ಅಜ್ಜಂದಿರ ಪ್ರೀತಿಯ ಮಂಕಿ ಕ್ಯಾಪ್ ಹುಟ್ಟಿದ್ದು ಯುದ್ಧಭೂಮಿಯಲ್ಲಿ. 1854ರ ನವೆಂಬರಿನಲ್ಲಿ ಕ್ರೈಮಿಯಾದ ಬಾಲಕ್ಲಾವಾ ಬಂದರಿನ ಹೊರಗೆ, ಬ್ರಿಟಿಷ್ ಸೈನಿಕರ ಚಳಿಗಾಲದ ಉಡುಪು ಹೊತ್ತು ತಂದಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ನಡುಗುತ್ತಿದ್ದ ಸೈನಿಕರಿಗೆ ಬ್ರಿಟನ್ನಿನ ಹೆಂಗಸರು ಕಣ್ಣು ಮೂಗು ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಉಣ್ಣೆಯ ಟೋಪಿ ಹೆಣೆದು ಕಳಿಸಿದರು. ಮುಂಭಾಗದಲ್ಲಿ ಗುಂಡಿಯಿರುವ ಕಾರ್ಡಿಗನ್ ಸ್ವೆಟರಿಗೆ ಹೆಸರು ಕೊಟ್ಟ ಕಾರ್ಡಿಗನ್ ಪ್ರಭು ಕಾದಿದ್ದೂ ಅದೇ ರಣರಂಗದಲ್ಲಿ. ಯುದ್ಧ ಮುಗಿದ ಮೇಲೂ ಆ ಎರಡು ಉಡುಪು ಉಳಿದವು, ಒಂದು ನಮ್ಮ ಬೆಳಗಿನ ವಾಕಿಂಗಿಗೆ, ಇನ್ನೊಂದು ಕಚೇರಿಗೆ.

ಕೈಗೆ ಬೆರಳು ಬಿಡಿಸಿದ ಗವಸಿಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಗವಸು ಹೆಚ್ಚು ಬೆಚ್ಚಗೆ. ಕಾಲುಚೀಲ ಎರಡು ಹಾಕಿ ಶೂ ಬಿಗಿಯಾಯಿತೆಂದರೆ ರಕ್ತದ ಓಟ ಕಡಿಮೆಯಾಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಗುಲ್ಮಾರ್ಗದ ದಾರಿಯಲ್ಲಿ ಉದ್ದ ಕೋಟು, ಗಂಬೂಟು ಬಾಡಿಗೆಗೆ ಸಿಗುತ್ತವೆ. ನಾಲ್ಕು ದಿನದ ಪ್ರವಾಸಕ್ಕೆ ಹೊಸ ಹಿಮದ ಬೂಟು ಕೊಂಡು ಅಟ್ಟಕ್ಕೆ ಹಾಕುವ ಅಗತ್ಯವಿಲ್ಲ.

ಅಂದದ ಗುಟ್ಟು ಅಳತೆಯಲ್ಲಿದೆ. ಒಳಪದರಗಳು ತೆಳುವಾದಷ್ಟೂ ಹೊರಗಿನ ಕೋಟು ಭುಜದ ಮೇಲೆ ಸರಿಯಾಗಿ ಕೂರುತ್ತದೆ. ಕೋಟು ಕೊಳ್ಳುವಾಗ ಒಳಗೆ ಸ್ವೆಟರ್ ಹಾಕಿಕೊಂಡೇ ಅಳತೆ ನೋಡಬೇಕು, ಕೈ ಮೇಲೆತ್ತಿದಾಗ ಬೆನ್ನು ಹಿಡಿಯಬಾರದು. ಹಳೆಯ ಮೈಸೂರಿನ ಅಧಿಕಾರಿಗಳ ಕ್ಲೋಸ್ ಕಾಲರ್ ಕೋಟು, ಕೊಡವರ ಕುಪ್ಯ ಎರಡೂ ಇದಕ್ಕೆ ನಮ್ಮ ಮನೆಯ ಉದಾಹರಣೆ. ತುಂಬುತೋಳಿನ ಬಿಳಿ ಅಂಗಿಯ ಮೇಲೆ ಅರ್ಧತೋಳಿನ ಕಪ್ಪು ಕುಪ್ಯ, ನಡುವಿಗೆ ಕೆಂಪು ಚೇಲೆ. ಮಂಜು ಕವಿಯುವ ಬೆಟ್ಟದ ನಾಡಿಗೆ ಹೊಂದುವ ಎರಡು ಪದರ, ಮೂರೇ ಬಣ್ಣ.

ಅಮೆರಿಕ, ಕೆನಡಾದ ಕನ್ನಡತಿಯರು ಸಂಕ್ರಾಂತಿಗೆ ಸೀರೆಯುಡುವ ಬಗೆಯೂ ಕಲಿಯುವಂಥದ್ದು. ಹೊರಗೆ ಸೊನ್ನೆಗಿಂತ ಕೆಳಗೆ ಹತ್ತು ಡಿಗ್ರಿ. ಲಂಗದ ಬದಲು ಉಣ್ಣೆ ಮಿಶ್ರಿತ ಲೆಗ್ಗಿಂಗ್ಸ್, ಕುಪ್ಪಸದ ಬದಲು ಕೊರಳು ಮುಚ್ಚುವ ತೆಳು ಸ್ವೆಟರ್, ಅದರ ಮೇಲೆ ರೇಷ್ಮೆ ಅಥವಾ ಇಳಕಲ್ ಸೀರೆ. ಕಾಲಿಗೆ ಬೂಟು, ನೆರಿಗೆ ಅದನ್ನು ಮುಚ್ಚುತ್ತದೆ. ಮೇಲೆ ಮೊಣಕಾಲು ದಾಟುವ ಒಂದೇ ಬಣ್ಣದ ಕೋಟು. ಕಪ್ಪು ಹೈನೆಕ್ ಮೇಲೆ ಉಟ್ಟ ಇಳಕಲ್ ಸೀರೆಯ ಕೆಂಪು ಸೆರಗು ಎಷ್ಟು ಎದ್ದು ಕಾಣುತ್ತದೆಂದರೆ, ಬೇಸಿಗೆಯ ಸಮಾರಂಭಗಳಿಗೂ ಅದೇ ಜೋಡಿ ಉಡುವವರಿದ್ದಾರೆ.

ಬೆಂಗಳೂರಿನ ಚಳಿ ಅಷ್ಟು ಕ್ರೂರವಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ. ಈ ಹವೆಗೆ ಒಂದು ಒಳ್ಳೆಯ ಸ್ವೆಟರು, ಒಂದು ಶಾಲು ಸಾಕು. ಚಳಿಗಾಲ ಹತ್ತಿರವಾದಂತೆ ಊರೂರಿನ ಪಾದಚಾರಿ ಮಾರ್ಗದ ಬಳಿ ಟಿಬೆಟನ್ನರು ಸ್ವೆಟರ್ ಅಂಗಡಿ ಹರಡುತ್ತಾರೆ. ಬೈಲಕುಪ್ಪೆ, ಮುಂಡಗೋಡಿನಂಥ ನೆಲೆಗಳ ಅನೇಕ ಕುಟುಂಬಗಳಿಗೆ ಇದು ವರ್ಷದ ಮುಖ್ಯ ದುಡಿಮೆ, ಸರಕು ಬರುವುದು ಹೆಚ್ಚಾಗಿ ಲೂಧಿಯಾನದಿಂದ. ಅಲ್ಲಿ ಚೀಟಿ ಓದಿ ಕೊಳ್ಳಬೇಕು. ಬಹುಪಾಲು ಅಕ್ರಿಲಿಕ್ ಇರುತ್ತದೆ. ನಮ್ಮ ಚಳಿಗೆ ಅದು ಸಾಕಾದರೂ ಬೆವರು ಹೀರುವುದಿಲ್ಲ, ಬೇಗ ಗಂಟುಗಂಟಾಗುತ್ತದೆ. ಉಣ್ಣೆಯದಾದರೆ ತಣ್ಣೀರಿನಲ್ಲಿ ಒಗೆದು, ಹಿಂಡದೆ, ನೇತುಹಾಕದೆ, ನೆರಳಲ್ಲಿ ಹಾಸಿ ಒಣಗಿಸಿದರೆ ಹತ್ತಾರು ವರ್ಷ ಬರುತ್ತದೆ.

ಇಷ್ಟೆಲ್ಲ ದೂರದ ಉಣ್ಣೆಯನ್ನು ಹುಡುಕುವ ನಾವು ಮನೆಬಾಗಿಲಿನ ಉಣ್ಣೆಯನ್ನು ಮರೆಯುತ್ತಿದ್ದೇವೆ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಹಾವೇರಿ, ಬೆಳಗಾವಿಯ ಬಯಲುಗಳಲ್ಲಿ ಕುರುಬರು ಸಾಕುವ ಡೆಕ್ಕನಿ ಕುರಿಯ ಕಪ್ಪು ಉಣ್ಣೆಯಿಂದ ಕಂಬಳಿಯಾಗುತ್ತದೆ. ಕುರಿಯಿಂದ ಕತ್ತರಿಸಿದ ಉಣ್ಣೆಯನ್ನು ಹಸನು ಮಾಡಿ ಹೆಂಗಸರು ನೂಲುತ್ತಾರೆ. ಹಾಸು ಕಟ್ಟಿದ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಕುಂಚದಿಂದ ಉದ್ದಕ್ಕೂ ತಿಕ್ಕಿ ಬಿಸಿಲಲ್ಲಿ ಒಣಗಿಸುತ್ತಾರೆ. ಆಗ ಎಳೆ ಗಟ್ಟಿಯಾಗಿ ಗುಂಡಿಮಗ್ಗದ ಹೊಡೆತ ತಾಳುತ್ತದೆ. ಹೊಸ ಕಂಬಳಿ ಒರಟಾಗಿರುವುದೂ, ಅದಕ್ಕೊಂದು ಹುಳಿವಾಸನೆ ಇರುವುದೂ ಈ ಗಂಜಿಯಿಂದ. ಬಳಸುತ್ತ ಹೋದಂತೆ ಮೆದುವಾಗುತ್ತದೆ. ಮಲೆನಾಡಿನ ರೈತ ಅದರ ಒಂದು ಮೂಲೆ ಮಡಿಸಿ ಕೊಪ್ಪೆ ಮಾಡಿ ತಲೆಗೇರಿಸಿದರೆ ಜಡಿಮಳೆಯಲ್ಲೂ ಮೈ ಬೆಚ್ಚಗೆ. ಗಾಳಿ ತಡೆದು, ಒದ್ದೆಯಾದರೂ ಬಿಸಿ ಬಿಡದ ಹೊರಪದರ ಎಂದು ಪರ್ವತಾರೋಹಿಗಳು ಹೇಳುವುದು ಇಂಥದ್ದನ್ನೇ.

ಇವತ್ತು ಸಭೆಗಳಲ್ಲಿ ರಾಜಕಾರಣಿಗಳ ಹೆಗಲಿಗೆ ಕಂಬಳಿ ಹೊದಿಸಿ ಫೋಟೊ ತೆಗೆಸಿಕೊಳ್ಳುತ್ತೇವೆ. ಆದರೆ ಕುರಿಗಾರನಿಗೆ ಉಣ್ಣೆ ಮಾರಿದ ಹಣ ಅದನ್ನು ಕತ್ತರಿಸಿದ ಕೂಲಿಗೂ ಸಾಲದು. ಅದಕ್ಕೇ ಎಷ್ಟೋ ಕಡೆ ಉಣ್ಣೆ ಬಯಲಲ್ಲೇ ಬೀಳುತ್ತದೆ. ಕುರಿಗಾರರೂ ಮಾಂಸಕ್ಕೆಂದೇ ಬೆಳೆಯುವ, ಉಣ್ಣೆಯಿಲ್ಲದ ತಳಿಗಳತ್ತ ಹೊರಳುತ್ತಿದ್ದಾರೆ. ಕಾಶ್ಮೀರಿಗಳು ಫೆರನ್ನಿಗೆ ಜಿಪ್ಪು, ಟೋಪಿ ಜೋಡಿಸಿ ಹೊಸ ತಲೆಮಾರಿಗೆ ಒಪ್ಪಿಸಿದರು. ನಮ್ಮ ವಿನ್ಯಾಸಕಾರರು ಕಂಬಳಿಯ ಬಟ್ಟೆಯಲ್ಲಿ ಒಳಗೆ ಹತ್ತಿಯ ಅಸ್ತರಿ ಕೊಟ್ಟು ತೋಳಿಲ್ಲದ ಕೋಟು, ಉದ್ದ ಜಾಕೆಟ್ ಹೊಲಿಸಿ ತೋರಿಸಲಿ. ಕರಿ ಉಣ್ಣೆಗೆ ಬಣ್ಣ ಹಾಕುವ ಖರ್ಚೂ ಇಲ್ಲ.

ಕೊಳ್ಳುವವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಚಳ್ಳಕೆರೆಯ ಕಡೆ ಹೋದಾಗ ಕಂಬಳಿ ಸಂತೆಗೆ ಹೋಗಿ ಬನ್ನಿ. ಕುರಿಮರಿಯ ಮೊದಲ ಕತ್ತರಿಯ ಉಣ್ಣೆಯಲ್ಲಿ ನೇಯ್ದದ್ದು ಇದೆಯೇ ಎಂದು ಕೇಳಿ, ಅದು ಹೆಚ್ಚು ಮೆತ್ತಗಿರುತ್ತದೆ. ಬೆಲೆ ತುಸು ಹೆಚ್ಚು, ಚೌಕಾಸಿ ಮಾಡದೆ ಕೊಡಿ.